ಹಿಬಾ ಕಾಗದದ ಮೇಲೊಂದು ರುಜು

ಹೊಸದುರ್ಗದ ಕಡೆಯ ಕೊಬ್ಬರಿ ವ್ಯಾಪಾರಿಯೊಬ್ಬರು ಒಂದು ಸಂಜೆ ಮಗ್ರಿಬ್ ನಮಾಝ್ ಮುಗಿಸಿ ನೇರವಾಗಿ ನಮ್ಮ ಮನೆಗೆ ಬಂದರು. ಅವರ ಹೆಸರು ಇಲ್ಲಿ ಬೇಡ, ಮೊಹಲ್ಲಾದ ಹೆಸರೂ ಬೇಡ. ಕೈಯಲ್ಲಿ ಮಡಚಿದ ಛಾಪಾ ಕಾಗದವಿತ್ತು. “ಭಾಯಿ, ನಿಮಗೆ ಉರ್ದೂನೂ ಬರುತ್ತೆ, ಕನ್ನಡಾನೂ ಬರುತ್ತೆ. ಇದನ್ನ ಸ್ವಲ್ಪ ಕಾಯ್ದೆ ಪ್ರಕಾರ ಕಾಣೋ ಹಾಗೆ ಬರೆದುಕೊಡಿ” ಎಂದರು. ವಿಷಯ ಇಷ್ಟೆ: ಕಳೆದ ರಂಝಾನಿನಲ್ಲಿ ಇಬ್ಬರು ಸಾಕ್ಷಿಗಳ ಎದುರು ತಮ್ಮ ವಾಸದ ಮನೆಯನ್ನು ಪತ್ನಿಗೆ ಬಾಯಿಮಾತಿನಲ್ಲಿ ಹಿಬಾ ಮಾಡಿದ್ದಾರೆ, ಆಕೆ ಒಪ್ಪಿಕೊಂಡಿದ್ದಾರೆ, ಸ್ವಾಧೀನವನ್ನೂ ಕೊಟ್ಟಾಗಿದೆ, ಈಗ ಬರೆಯುತ್ತಿರುವುದು ಅದರ ನೆನಪಿನ ಪತ್ರ ಮಾತ್ರ. ನಾನು ಬರೆದುಕೊಟ್ಟೆ. ಕಥೆ ಬರೆಯುವವನಿಗೆ ಇಂಥ ವಾಕ್ಯಗಳು ಕಷ್ಟವೇನಲ್ಲ. ಚಹಾ ಕುಡಿದು ಎದ್ದವರು, ಆಗ ತಾನೆ ನೆನಪಾದವರಂತೆ, “ಎರಡನೇ ಸಾಕ್ಷಿ ನೀವೇ ಹಾಕಿಬಿಡಿ ಭಾಯಿ” ಎಂದರು.

ಕಳೆದ ರಂಝಾನಿನಲ್ಲಿ ನಾನು ಅವರ ಹೊಸಿಲನ್ನೂ ತುಳಿದಿರಲಿಲ್ಲ. ಆದರೂ ರುಜು ಹಾಕಿದೆ. ಗಂಡನಾದವನು ಹೆಂಡತಿಗೆ ಮನೆ ಕೊಡುವುದು ಒಳ್ಳೆಯ ಕೆಲಸ, ನಮ್ಮ ಸಮಾಜದಲ್ಲಿ ಅಪರೂಪಕ್ಕೆ ನಡೆಯುವ ಕೆಲಸ, ಅದಕ್ಕೆ ಅಡ್ಡ ಬರುವುದೇಕೆ ಎಂದು ನನಗೆ ನಾನೇ ಹೇಳಿಕೊಂಡೆ. ಹದಿನೈದು ದಿನ ಕಳೆಯುವುದರೊಳಗೆ ತೋಟದವರು ಅವರ ಮನೆಯ ಮುಂದೆ ಬಂದು ಕೂತಿದ್ದರು.

ಕೊಬ್ಬರಿಯ ವ್ಯವಹಾರ ಗೊತ್ತಿಲ್ಲದವರಿಗೆ ಒಂದು ಮಾತು. ಉಂಡೆ ಕೊಬ್ಬರಿ ಒಂದು ವಾರದಲ್ಲಿ ಆಗುವ ಸರಕಲ್ಲ. ಬಲಿತ ಕಾಯಿ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕೂತು, ಒಳಗಿನ ನೀರು ಇಂಗಿ, ಚಿಪ್ಪಿನಿಂದ ಬಿಟ್ಟುಕೊಂಡು ಅಲ್ಲಾಡಬೇಕು. ಆಮೇಲೆ ಸುಲಿದು, ಒಡೆದು, ಆರಿಸಿ ಚೀಲಕ್ಕೆ ತುಂಬುತ್ತಾರೆ. ವ್ಯಾಪಾರಿ ಊರೂರು ಸುತ್ತಿ ಅದನ್ನು ಎತ್ತಿಕೊಂಡು ತಿಪಟೂರಿನ ಮಾರುಕಟ್ಟೆಗೆ ಹಾಕುತ್ತಾನೆ. ತೋಟದವರ ಕೈಯಲ್ಲಿ ಉಳಿಯುವುದು ತೂಕ ಬರೆದ ಒಂದು ಚೀಟಿ. ಹಣ ಮಾರಾಟವಾದ ಮೇಲೆ. ಅಂದರೆ ಆ ಚೀಟಿ ಒಂದು ಸಂಸಾರದ ಇಡೀ ವರ್ಷದ ಲೆಕ್ಕ. ಬರದ ವರ್ಷಗಳಲ್ಲಿ ಕೊಳವೆಬಾವಿ ಬತ್ತಿ ಸುಳಿ ಒಣಗಿದ ತೋಟಗಳನ್ನು ಹೊಸದುರ್ಗ, ಹಿರಿಯೂರು, ಹೊಳಲ್ಕೆರೆಗಳಲ್ಲಿ ನೋಡಿದವರಿಗೆ, ಉಳಿದ ಮರಗಳಿಂದ ಬಂದ ಆ ಚೀಟಿಯ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಮನೆಯ ಮುಂದೆ ಕೂತವರೆಲ್ಲ ಇಂಥವರೇ ಆಗಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ತಿಂಗಳಿಗೆ ನೂರಕ್ಕೆ ಮೂರರಂತೆ ಬಡ್ಡಿ ಎಣಿಸುವ ಒಬ್ಬ ಕೈಸಾಲದವನೂ ಅಲ್ಲಿದ್ದ. ಅಂಥವನಿಂದ ಮಕ್ಕಳ ತಲೆಯ ಮೇಲಿನ ಸೂರನ್ನು ಬಚ್ಚಿಟ್ಟುಕೊಳ್ಳುವುದು ತಪ್ಪಲ್ಲ ಎಂದು ಯಾರಾದರೂ ವಾದಿಸಿದರೆ ನನಗೆ ಜಗಳವಾಡುವ ಉಮೇದು ಬರುವುದಿಲ್ಲ. ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವ ತನಕ ಕಾಲಾವಕಾಶ ಕೊಡಬೇಕೆಂಬುದು ಪವಿತ್ರ ಕುರ್‌ಆನಿನ ಸ್ಪಷ್ಟ ನಿರ್ದೇಶ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ರೈತ ತಾನು ವಾಸವಿರುವ ಮನೆಯನ್ನು ಸಾಲದ ಜಪ್ತಿಯಿಂದ ಹೊರಗಿಡುತ್ತದೆ, ಕೂಲಿಯವನದ್ದನ್ನೂ ಹೊರಗಿಡುತ್ತದೆ. ವ್ಯಾಪಾರಿಯ ಮನೆಗೆ ಆ ರಕ್ಷಣೆಯಿಲ್ಲ. ನಮ್ಮ ವ್ಯಾಪಾರಿಗೆ ಇದು ಗೊತ್ತಿತ್ತು. ವಕೀಲರು ಹೇಳಿದ್ದರಂತೆ.

ಹಾಗಾದರೆ ತನ್ನ ಸ್ವಂತ ಮನೆಯನ್ನು ತನ್ನ ಸ್ವಂತ ಹೆಂಡತಿಗೆ ಕೊಟ್ಟವನು ಮಾಡಿದ ಅಪರಾಧವೇನು? ಈ ಪ್ರಶ್ನೆಯನ್ನು ನನಗೆ ಮೊಹಲ್ಲಾದಲ್ಲಿ ಹಲವರು ಕೇಳಿದ್ದಾರೆ. ಕೇಳುವವರ ಧಾಟಿಯಲ್ಲೇ ಉತ್ತರವೂ ಇರುತ್ತದೆ: ಏನೂ ಇಲ್ಲ.

ಕಾನೂನು ಅಷ್ಟು ಸುಲಭವಾಗಿ ಬಿಡುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಮಿನ ಪ್ರಕಾರ, ಸಾಲ ಕೊಟ್ಟವರಿಗೆ ಹಣ ಸಿಗದಂತೆ ಮಾಡುವ ಅಥವಾ ತಡಮಾಡುವ ಉದ್ದೇಶದಿಂದ ಸ್ಥಿರಾಸ್ತಿಯನ್ನು ವರ್ಗಾಯಿಸಿದರೆ, ಸಾಲ ಕೊಟ್ಟವರು ಬಯಸಿದಾಗ ಅದನ್ನು ರದ್ದು ಮಾಡಿಸಬಹುದು. ನಮ್ಮವರು ತಕ್ಷಣ ಹೇಳುತ್ತಾರೆ, ಆ ಕಾಯ್ದೆ ಮುಸ್ಲಿಮ್ ಕಾನೂನಿನ ನಿಯಮಗಳಿಗೆ ಕೈ ಹಾಕುವುದಿಲ್ಲವಲ್ಲ ಎಂದು. ನಿಜ. ಹಿಬಾಕ್ಕೆ ಬರಹ ಬೇಡ, ನೋಂದಣಿ ಬೇಡ. ಕೊಡುವವನ ಘೋಷಣೆ, ಪಡೆಯುವವರ ಒಪ್ಪಿಗೆ, ಸ್ವಾಧೀನ, ಈ ಮೂರಿದ್ದರೆ ಸಾಕು. 2011ರಲ್ಲಿ ಸುಪ್ರೀಂ ಕೋರ್ಟು ಹಫೀಝಾ ಬೀಬಿ ಪ್ರಕರಣದಲ್ಲಿ ಇದನ್ನು ಮತ್ತೊಮ್ಮೆ ಖಚಿತಪಡಿಸಿತು. ಆದರೆ ಸಾಲ ಕೊಟ್ಟವರನ್ನು ವಂಚಿಸುವುದಕ್ಕಾಗಿ ಮಾಡಿದ ಹಿಬಾ ಅವರು ಬಯಸಿದರೆ ರದ್ದಾಗುತ್ತದೆ ಎಂಬುದು ನಮ್ಮ ನ್ಯಾಯಾಲಯಗಳು ಪಾಲಿಸಿಕೊಂಡು ಬಂದ ಮುಸ್ಲಿಮ್ ಕಾನೂನಿನದ್ದೇ ಮಾತು. ಸಾಲವಿತ್ತು ಎಂಬ ಮಾತ್ರಕ್ಕೆ ವಂಚನೆ ಎನ್ನಲಾಗದು ಎಂಬ ಎಚ್ಚರಿಕೆಯೂ ಅದರ ಜೊತೆಗಿದೆ. ಎಲ್ಲವೂ ನಿಯ್ಯತ್ತಿನ ಮೇಲೆ ನಿಂತಿದೆ.

ನಿಯ್ಯತ್ತನ್ನು ಅಲ್ಲಾಹನೊಬ್ಬನೇ ಬಲ್ಲ. ಮುನ್ಸೀಫರು ಗುರುತುಗಳನ್ನು ಹುಡುಕಬೇಕಾಗುತ್ತದೆ. ಈ ಗುರುತುಗಳ ಹಳೆಯ ಪಟ್ಟಿಯೊಂದು ಇಂಗ್ಲೆಂಡಿನಲ್ಲಿದೆ, ನಮ್ಮ ಕುರಿಸೀಮೆಯವರಿಗೆ ಅದು ಸುಲಭವಾಗಿ ಅರ್ಥವಾಗುವಂಥದ್ದು. 1601ರಲ್ಲಿ ಪಿಯರ್ಸ್ ಎಂಬೊಬ್ಬ ಸಾಲಗಾರನಿದ್ದ. ಟ್ವೈನ್ ಎಂಬವನಿಗೆ ಅವನು ನಾನೂರು ಪೌಂಡು ಕೊಡಬೇಕಿತ್ತು, ಇನ್ನೊಬ್ಬನಿಗೆ ಇನ್ನೂರು. ಆ ಇನ್ನೊಬ್ಬ ದಾವೆ ಹೂಡುತ್ತಿದ್ದಂತೆ ಪಿಯರ್ಸ್ ತನ್ನ ಇದ್ದಬದ್ದ ಸರಕನ್ನೆಲ್ಲ ಗುಟ್ಟಾಗಿ ಟ್ವೈನನಿಗೆ ಬರೆದುಕೊಟ್ಟ. ಆದರೆ ಕುರಿಗಳು ಮಾತ್ರ ಪಿಯರ್ಸನ ಹಟ್ಟಿಯಲ್ಲೇ ಇದ್ದವು. ಉಣ್ಣೆ ಕತ್ತರಿಸುತ್ತಿದ್ದವನೂ ಅವನೇ, ಕುರಿಯ ಮೈಮೇಲೆ ಗುರುತು ಹಾಕುತ್ತಿದ್ದವನೂ ಅವನೇ. ಕೋರ್ಟು ಇದು ಮೋಸ ಎಂದಿತು. ಗಮನಿಸಬೇಕಾದ್ದೆಂದರೆ ಟ್ವೈನನ ಸಾಲ ಸುಳ್ಳಾಗಿರಲಿಲ್ಲ. ಅವನಿಗೆ ನಿಜವಾಗಿಯೂ ನಾನೂರು ಪೌಂಡು ಬರಬೇಕಿತ್ತು. ನಿಜವಾದ ಸಾಲವನ್ನು ಕೂಡ ಗುಟ್ಟು ಮುಳುಗಿಸಿತು. ಈ ಟ್ವೈನನನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು, ಮುಂದೆ ಬರುತ್ತಾನೆ.

ಇಲ್ಲೊಂದು ತೊಡಕಿದೆ. ಕೊಟ್ಟ ಮೇಲೂ ಕೊಟ್ಟವನೇ ಅನುಭವಿಸುತ್ತಿದ್ದರೆ ಅದು ಮೋಸದ ಗುರುತು ಎಂದು ಆ ತೀರ್ಪು ಹೇಳುತ್ತದೆ. ಗಂಡ ಹೆಂಡತಿಗೆ ಕೊಟ್ಟ ಮನೆಯಲ್ಲಿ ಗಂಡ ಇರಕೂಡದೇ? ಹಿಬಾದ ಕಾನೂನು ಇದನ್ನು ಮೊದಲೇ ಯೋಚಿಸಿದೆ. ಇಬ್ಬರೂ ಒಂದೇ ಸೂರಿನಡಿ ಬಾಳುವವರಾದ್ದರಿಂದ ಗಂಡ ಗಂಟು ಕಟ್ಟಿಕೊಂಡು ಹೊರಡಬೇಕಿಲ್ಲ, ಆತ ಅಲ್ಲೇ ಇದ್ದರೂ ಹಿಬಾ ಊರ್ಜಿತವೇ ಎನ್ನುತ್ತದೆ. ಸಂಸಾರದ ಸಹಜ ವಿಶ್ವಾಸಕ್ಕೆ ಕೊಟ್ಟ ರಿಯಾಯಿತಿ ಇದು. ಬರಹ ಬೇಡ ಎಂಬುದೂ ಅಂಥದ್ದೇ ರಿಯಾಯಿತಿ. ಅಕ್ಷರ ಬಾರದ ಬಡವಳೊಬ್ಬಳು ಮಗಳಿಗೆ ಬಳೆ ಕೊಡುವಾಗ ನೋಂದಣಿ ಕಚೇರಿಗೆ ಹೋಗಬೇಕಿಲ್ಲ. ಬಾಯಿಮಾತಿಗೆ ಇಷ್ಟು ಗೌರವ ಕೊಟ್ಟ ಕಾನೂನು ಇನ್ನೊಂದಿದೆಯೋ ಇಲ್ಲವೋ ನಾನರಿಯೆ. ನಮ್ಮ ವ್ಯಾಪಾರಿ ಬಳಸಿಕೊಂಡದ್ದು ಈ ಗೌರವವನ್ನೇ. ಬಾಯಿಮಾತಿಗೆ ತಾರೀಖಿನ ಮೊಹರು ಇರುವುದಿಲ್ಲ. ಹಾಗಾಗಿ ಈ ವರ್ಷದ ಮಾತನ್ನು ಕಳೆದ ರಂಝಾನಿಗೆ ಹಾಕಬಹುದು. ಬೇಕಾದದ್ದು ಇಬ್ಬರ ರುಜು ಮಾತ್ರ. ಒಂದು ನನ್ನದು.

ಇದು ಮುಸ್ಲಿಮರದ್ದೇ ರೋಗವೆಂದು ಯಾರೂ ತಿಳಿಯಬೇಕಿಲ್ಲ. ಜಪ್ತಿ ಬರುವ ವಾಸನೆ ಹತ್ತಿದ ಕೂಡಲೇ ವಿಭಾಗ ಪತ್ರ ಮಾಡಿಸಿ ಮಕ್ಕಳ ಹೆಸರಿಗೆ ತೋಟ ಹಾಕುವುದು ನಮ್ಮ ತಾಲೂಕುಗಳ ಹಿಂದೂ ಮನೆಗಳಲ್ಲೂ ಹೊಸದಲ್ಲ. ಬಡವರ ಉಪಾಯವೂ ಅಲ್ಲ. ಬೆಂಗಳೂರಿನ ವಿಜಯ್ ಮಲ್ಯರ ಪ್ರಕರಣ ಎಲ್ಲರಿಗೂ ಗೊತ್ತಿರುವಂಥದ್ದು. ಕಿಂಗ್‌ಫಿಷರ್ ವಿಮಾನಗಳು 2012ರ ಅಕ್ಟೋಬರಿನಲ್ಲಿ ನಿಂತವು. ಸಿಬ್ಬಂದಿಯ ಸಂಬಳ ಬಾಕಿ ಉಳಿಯಿತು. ಬ್ಯಾಂಕುಗಳು ಬೆನ್ನು ಹತ್ತಿದವು. 2016ರಲ್ಲಿ ಡಿಯಾಜಿಯೋ ಕಂಪೆನಿಯಿಂದ ಬಂದ ನಾಲ್ಕು ಕೋಟಿ ಡಾಲರುಗಳನ್ನು ಅವರು ತಮ್ಮ ಮೂವರು ಮಕ್ಕಳ ಪಾಲಿಗೆ ದಾಟಿಸಿದರು. ಆಸ್ತಿ ಪರಭಾರೆ ಮಾಡಕೂಡದೆಂದು ಕರ್ನಾಟಕ ಹೈಕೋರ್ಟಿನ ಆದೇಶ ಅದಾಗಲೇ ಇತ್ತು. ಸುಪ್ರೀಂ ಕೋರ್ಟು 2017ರ ಮೇ ತಿಂಗಳಲ್ಲಿ ಅವರನ್ನು ನ್ಯಾಯಾಂಗ ನಿಂದನೆಯ ತಪ್ಪಿತಸ್ಥರೆಂದಿತು. 2022ರ ಜುಲೈ 11ರಂದು ನಾಲ್ಕು ತಿಂಗಳ ಸಜೆ, ಎರಡು ಸಾವಿರ ರೂಪಾಯಿ ದಂಡ ವಿಧಿಸಿ, ಆ ವರ್ಗಾವಣೆಗಳು ಅಸಿಂಧು ಎಂದು ಸಾರಿ, ಹಣವನ್ನು ಶೇಕಡಾ 8ರ ಬಡ್ಡಿಯೊಂದಿಗೆ ವಾಪಸು ಕಟ್ಟಬೇಕೆಂದು ಆದೇಶಿಸಿತು. ಅಪ್ಪ ಮಕ್ಕಳಿಗೆ ಕೊಟ್ಟದ್ದೇ ಅಲ್ಲವೇ ಎಂದು ಆಗ ಯಾರೂ ಮರುಗಲಿಲ್ಲ. ದೊಡ್ಡವರು ಮಾಡಿದರೆ ಮೋಸ, ನಮ್ಮ ಗಲ್ಲಿಯವರು ಮಾಡಿದರೆ ಜಾಣತನ.

2019ರಲ್ಲಿ ಐ.ಎಂ.ಎ. ಕಂಪೆನಿ ಕುಸಿದು ಬಿದ್ದಾಗ ಹಲಾಲ್ ಲಾಭವೆಂದು ನಂಬಿ ಮಗಳ ಮದುವೆಗೆ, ಹಜ್‌ಗೆಂದು ಕೂಡಿಟ್ಟ ದುಡ್ಡನ್ನು ಹಾಕಿದ್ದ ನಮ್ಮವರೇ ಸಾಲು ನಿಂತು ದೂರು ಕೊಟ್ಟರು. ಆಗ ನಮ್ಮ ಪ್ರಶ್ನೆ ಬದಲಾಗಿತ್ತು. ಆಸ್ತಿ ಯಾರ ಯಾರ ಹೆಸರಿನಲ್ಲಿದೆ, ಹೆಂಡತಿಯ ಹೆಸರಿನಲ್ಲಿದ್ದರೇನು, ವಸೂಲಿ ಮಾಡಿ ಎಂದು ಕೂಗಿದವರಲ್ಲಿ ನನ್ನ ಹತ್ತಿರದ ಬಂಧುಗಳೂ ಇದ್ದರು. ಅದೇ ಬಾಯಿಗಳು ಈಗ ನಮ್ಮ ಕೊಬ್ಬರಿ ವ್ಯಾಪಾರಿಗೆ “ಹಿಬಾ ಮಾಡಿದ್ದು ಒಳ್ಳೇದಾಯ್ತು” ಎನ್ನುತ್ತಿವೆ.

ನಮ್ಮ ಹಿರಿಯರು ಈ ವಿಷಯದಲ್ಲಿ ಇಷ್ಟು ಸಡಿಲವಾಗಿರಲಿಲ್ಲ. ವಯಸ್ಕನಾದ, ಸ್ವತಂತ್ರನಾದ ಮನುಷ್ಯನ ಆಸ್ತಿಯ ಮೇಲೆ ಸಾಲದ ಕಾರಣಕ್ಕೆ ಕಾಝಿ ನಿರ್ಬಂಧ ಹೇರುವುದನ್ನು ಇಮಾಮ್ ಅಬೂ ಹನೀಫಾ ಒಪ್ಪಲಿಲ್ಲ. ಅವರ ಶಿಷ್ಯರಿಬ್ಬರು, ಅಬೂ ಯೂಸುಫ್ ಮತ್ತು ಮುಹಮ್ಮದ್, ಗುರುವಿನಿಂದ ಭಿನ್ನರಾಗಿ ಒಪ್ಪಿದರು. ಮಾಲಿಕೀ ಪಂಥದವರು ಇನ್ನೂ ಮುಂದೆ ಹೋಗಿ, ಸಾಲವು ಆಸ್ತಿಯನ್ನೆಲ್ಲ ಆವರಿಸಿದವನು ಕಾಝಿಯ ಆದೇಶ ಬರುವ ಮೊದಲೇ ದಾನ ಮಾಡುವ ಹಕ್ಕನ್ನು ಕಳೆದುಕೊಂಡಿರುತ್ತಾನೆ ಎಂದರು. ಹದಿನಾರನೇ ಶತಮಾನದಲ್ಲಿ ಉಸ್ಮಾನಿ ಸಾಮ್ರಾಜ್ಯದ ಶೈಖುಲ್ ಇಸ್ಲಾಮ್ ಅಬುಸ್ಸುಊದ್ ಅವರ ಮುಂದೆ, ಸಾಲಗಾರರು ತಪ್ಪಿಸಿಕೊಳ್ಳಲು ಆಸ್ತಿಯನ್ನು ವಕ್ಫ್ ಮಾಡುತ್ತಿದ್ದಾರೆ ಎಂಬ ಸಮಸ್ಯೆ ಬಂತು. ಸಾಲ ತೀರುವಷ್ಟು ಆಸ್ತಿಯ ಮಟ್ಟಿಗೆ ಅಂಥ ವಕ್ಫನ್ನು ಕಾಝಿಗಳು ದಾಖಲಿಸಬಾರದೆಂಬುದು ಅವರು ಕೊಟ್ಟ ಉತ್ತರ. ಅಲ್ಲಾಹನ ಹೆಸರಿಗೆ ಬರೆದದ್ದಕ್ಕೇ ಈ ಗತಿಯಾದರೆ ಹೆಂಡತಿಯ ಹೆಸರಿಗೆ ಬರೆದದ್ದರ ಮಾತೇನು!

ಇದೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಬುಖಾರಿಯಲ್ಲಿ ಬರುವ ಝುಬೈರ್ ಬಿನ್ ಅವ್ವಾಮ್(ರ) ಅವರ ಸಾಲದ ವೃತ್ತಾಂತ. ಜನರು ಅವರ ಬಳಿ ಅಮಾನತ್ತಾಗಿ ಹಣ ಇಡಲು ಬರುತ್ತಿದ್ದರು. ಅವರು ಅಮಾನತ್ತು ಬೇಡ, ಸಾಲವಾಗಿ ಕೊಡಿ ಎನ್ನುತ್ತಿದ್ದರು. ಕಾರಣ ಕೇಳಿ: ಅಮಾನತ್ತು ತನ್ನ ತಪ್ಪಿಲ್ಲದೆ ಕಳೆದುಹೋದರೆ ಇಟ್ಟವನಿಗೇ ನಷ್ಟ, ಸಾಲವಾದರೆ ಏನೇ ಆದರೂ ತಾನು ತೀರಿಸಲೇಬೇಕು. ಕೊಟ್ಟವನ ಹಣ ಭದ್ರವಾಗಿರಲೆಂದು ಹೊರೆಯನ್ನು ತಾವೇ ಹೊತ್ತುಕೊಂಡರು. ಜಮಲ್ ಯುದ್ಧದ ದಿನ ಅವರು ತೀರಿಕೊಂಡಾಗ ಸಾಲ ಇಪ್ಪತ್ತೆರಡು ಲಕ್ಷವಿತ್ತು. ಮಗ ಅಬ್ದುಲ್ಲಾ(ರ) ಮೊದಲಿಗೆ ಸಂಕೋಚಪಟ್ಟು, ವಿಚಾರಿಸಿದ ಹಿರಿಯರೊಬ್ಬರಿಗೆ ಒಂದೇ ಲಕ್ಷ ಎಂದರಂತೆ. ನಾಚಿಕೆ ಅವರನ್ನೂ ಬಿಡಲಿಲ್ಲ, ಪಾಪ. ಆಮೇಲೆ ಗಾಬಾ ಎಂಬಲ್ಲಿನ ಜಮೀನನ್ನು ಮಾರಿದರು. ತಂದೆ ಒಂದು ಲಕ್ಷ ಎಪ್ಪತ್ತು ಸಾವಿರಕ್ಕೆ ಕೊಂಡಿದ್ದ ಅದು ಹದಿನಾರು ಲಕ್ಷಕ್ಕೆ ಹೋಯಿತು. ಸಾಲವೆಲ್ಲ ತೀರಿತು. ಉಳಿದವರು ಇನ್ನು ಪಾಲು ಮಾಡು ಎಂದರು. ಅಬ್ದುಲ್ಲಾ ಒಪ್ಪಲಿಲ್ಲ. ನಾಲ್ಕು ವರ್ಷ ಪ್ರತಿ ಹಜ್‌ನಲ್ಲೂ, ಝುಬೈರರಿಂದ ಬರಬೇಕಾದ್ದು ಯಾರಿಗಾದರೂ ಇದ್ದರೆ ಬನ್ನಿ ಎಂದು ಸಾರಿಸಿದರು. ಆಮೇಲೆ ಪಾಲಾಯಿತು.

ಮಿತಾಕ್ಷರ ಪದ್ಧತಿಯಲ್ಲಿ ತಂದೆಯ ಸಾಲ ತೀರಿಸುವುದು ಮಗನ ಧರ್ಮವೆಂದಿತ್ತು. 2005ರ ತಿದ್ದುಪಡಿಯಾದ ಮೇಲಿನ ಸಾಲಗಳಿಗೆ ಕೋರ್ಟುಗಳು ಆ ಹೊಣೆಯನ್ನು ಮಾನ್ಯ ಮಾಡುವುದಿಲ್ಲ. ನಮ್ಮಲ್ಲಿ ವಾರಸುದಾರ ತನಗೆ ಬಂದ ಪಾಲಿನ ಮಟ್ಟಿಗೆ ಮಾತ್ರ ಹೊಣೆ. ಎರಡೂ ಕಡೆ ಕಾನೂನು ಮಗನ ಹೆಗಲನ್ನು ಹಗುರ ಮಾಡಿದೆ, ಮಾಡಲಿ. ಅಬ್ದುಲ್ಲಾ ಮಾಡಿದ್ದು ಕಾನೂನಿಗೆ ಹೆದರಿಯಂತೂ ಅಲ್ಲ. ಆ ನಾಲ್ಕು ಹಜ್‌ಗಳ ಸಾರಾಣಿಕೆಯನ್ನು ಓದಿದಾಗಲೆಲ್ಲ ನನಗೆ ನನ್ನ ಮನೆಯ ಮೇಜು, ಆ ಛಾಪಾ ಕಾಗದ, ತಗ್ಗಿದ ದನಿಯಲ್ಲಿ ಆಡಿದ ಮಾತು ಕಣ್ಣಿಗೆ ಬರುತ್ತದೆ. ನಿಯ್ಯತ್ತು ಏನಿತ್ತೆಂದು ನ್ಯಾಯಾಧೀಶರು ಗುರುತು ಹುಡುಕಲಿ. ಕೊಡುವವನಿಗೆ ತನ್ನೊಳಗೇ ತಿಳಿಯುವ ದಾರಿ ಅಷ್ಟು ಕಷ್ಟದ್ದಲ್ಲ ಎಂದು ನನಗೆ ತೋರುತ್ತದೆ. ಈ ಕೊಡುಗೆಯನ್ನು ನಾಳೆ ಬೆಳಿಗ್ಗೆ ಸಾಲ ಕೊಟ್ಟವರನ್ನು ಕರೆದು ಕೂರಿಸಿಕೊಂಡು ಹೇಳಬಲ್ಲೆನೇ? ನಮ್ಮ ವ್ಯಾಪಾರಿಗೆ ಆಗುತ್ತಿರಲಿಲ್ಲ. ಆಗುತ್ತಿದ್ದರೆ ಅವರಿಗೆ ಕಳೆದ ರಂಝಾನ್ ಬೇಕಾಗುತ್ತಿರಲಿಲ್ಲ.

ಇಷ್ಟಕ್ಕೆ ನಿಲ್ಲಿಸಿದರೆ ಅವರ ಪತ್ನಿಗೆ ಅನ್ಯಾಯವಾಗುತ್ತದೆ. ತೋಟದವರು ಬಂದು ಕೂತ ವಾರ ನಮ್ಮ ಮನೆಯಾಕೆ ಅವರನ್ನು ನೋಡಿ ಬಂದಳು. ಆಪಾ ಅಳಲಿಲ್ಲವಂತೆ. “ಎರಡು ಸಲ ನನ್ನ ಒಡವೆ ತೆಗೆದುಕೊಂಡು ಹೋಗಿ ಮಾರಿದರು. ನಾನೇನು ಚೀಟಿ ಬರೆಸಿಕೊಂಡಿದ್ದೆನಾ? ಮಹ್ರ್ ಇವತ್ತಿನ ತನಕ ಕೈಗೆ ಬಂದಿಲ್ಲ. ಈಗ ನಾನು ಕಳ್ಳಿ” ಎಂದರಂತೆ. ಈ ಮಾತು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಏಕೆಂದರೆ ಆಪಾ ಹೇಳಿದ್ದರಲ್ಲಿ ಕಾನೂನೂ ಇತ್ತು. ಬಾಕಿ ಇರುವ ಮಹ್ರ್ ಗಂಡನ ಮೇಲಿನ ಸಾಲ, ಬೇರೆ ಸಾಲಗಳಿಗೆ ಸಮನಾದ ಸಾಲ. ಒಡವೆಯ ಹಣವೂ ಸಾಲವೇ. ಅಂದರೆ ಮನೆಯ ಹೊರಗೆ ಜಗಲಿಯ ಮೇಲೆ ಚೀಟಿ ಹಿಡಿದು ಕೂತವರ ಸಾಲಿನಲ್ಲಿ ಒಳಗೆ ಒಲೆಯ ಮುಂದಿದ್ದ ಆಪಾ ಅವರೂ ಒಬ್ಬರು. ಇಂಥ ಒಬ್ಬರಿಗೆ ನಿಜವಾದ ಸಾಲದ ಬಾಬ್ತು ಆಸ್ತಿ ಕೊಟ್ಟು ಉಳಿದವರಿಗೆ ಸಿಗದಂತಾದರೂ ಅದಷ್ಟರಿಂದಲೇ ಅದು ವಂಚನೆಯಲ್ಲ ಎಂದು 1915ರಲ್ಲಿ ಮುಸಾಹರ್ ಸಾಹು ಪ್ರಕರಣದಲ್ಲಿ ಪ್ರೀವಿ ಕೌನ್ಸಿಲ್ ಹೇಳಿದೆ. ಇನ್ನು 53ನೇ ಕಲಮು ರಕ್ಷಿಸುವುದು ಬೆಲೆ ತೆತ್ತು, ಪ್ರಾಮಾಣಿಕವಾಗಿ ಪಡೆದವರನ್ನು. ಸುಮ್ಮನೆ ಉಡುಗೊರೆಯಾಗಿ ಪಡೆದವರು ಎಷ್ಟೇ ಅಮಾಯಕರಾಗಿದ್ದರೂ ಅವರಿಗೆ ಆ ರಕ್ಷಣೆ ಸಿಗದು.

ಹೀಗಿರುವಾಗ ವ್ಯಾಪಾರಿ ಮಾಡಿದ್ದೇನು? “ಈ ಮನೆ ನಿನ್ನ ಮಹ್ರ್‌ಗೆ, ನಿನ್ನ ಒಡವೆಗೆ” ಎಂದು ಬರೆದಿದ್ದರೆ ಅದು ಮಾರಾಟದಂತೆ ಆಗಿ ನೋಂದಣಿ ಬೇಕಾಗುತ್ತಿತ್ತು. ನೋಂದಣಿ ಕಚೇರಿಯ ಪುಸ್ತಕದಲ್ಲಿ ಹಿಂದಿನ ರಂಝಾನಿನ ತಾರೀಖು ಸಿಗುವುದಿಲ್ಲ. ಹಾಗಾಗಿ ಅವರು ಬಾಯಿಮಾತಿನ ಹಿಬಾ ಆರಿಸಿಕೊಂಡರು. ತಾವು ಕೊಡಬೇಕಾದ್ದನ್ನು ತಾವು ದಯಪಾಲಿಸಿದ್ದೆಂದು ಬರೆಸಿದರು. ಹೆಂಡತಿಗೆ ಸಲ್ಲಬೇಕಿದ್ದ ಬಾಕಿ ಒಂದು ರುಜುವಿನಿಂದ ಗಂಡನ ಔದಾರ್ಯವಾಗಿಬಿಟ್ಟಿತು. ತೋಟದವರಿಗೆ ಒಂದು ಮೋಸ, ಆಪಾ ಅವರಿಗೆ ಇನ್ನೊಂದು. ಟ್ವೈನನನ್ನು ನೆನಪಿಡಿ ಎಂದಿದ್ದೆನಲ್ಲ, ಅವನ ನಾನೂರು ಪೌಂಡಿನಂತೆ ಆಪಾ ಅವರ ನಿಜವಾದ ಬಾಕಿಯೂ ಸುಳ್ಳು ತಾರೀಖಿನ ಕೆಳಗೆ ಹೂತುಹೋಯಿತು. ಹೆಂಗಸಿಗೆ ಮನೆ ಸಿಗಲಿ ಎಂದು ಸಂತೋಷಪಟ್ಟು ರುಜು ಹಾಕಿದವನು ನಾನು!

ವ್ಯಾಪಾರಿಯನ್ನು ಕಂಡು ಹೇಳಿದೆ: ಈ ಕಾಗದ ಹರಿದುಬಿಡೋಣ, ಎಲ್ಲರನ್ನೂ ಮಸೀದಿಯ ಮುಂದಾದರೂ ಸರಿ, ಎ.ಪಿ.ಎಂ.ಸಿ. ಅಂಗಳದಲ್ಲಾದರೂ ಸರಿ ಕೂರಿಸಿ, ಆಪಾ ಅವರ ಬಾಕಿಯನ್ನೂ ಚೀಟಿಗಳ ಜೊತೆ ಲೆಕ್ಕಕ್ಕೆ ಹಿಡಿಯೋಣ, ಮನೆ ಮಾರಿದರೆ ಆಪಾ ಅವರ ಪಾಲಿಗೆ ಬರುವ ಹಣದಲ್ಲಿ ಸಣ್ಣದೊಂದು ಸೂರಾದರೂ ಆದೀತು. ಅವರು ನನ್ನನ್ನು ಬಹಳ ಹೊತ್ತು ನೋಡಿದರು. “ಕಥೆ ಬರೆಯೋದು ಸುಲಭ ಭಾಯಿ. ಎರಡು ಹೆಣ್ಣುಮಕ್ಕಳನ್ನ ಬಾಡಿಗೆ ಮನೆಯಿಂದ ಮದುವೆ ಮಾಡಿಕೊಡೋದು ನಿಮಗೆ ಗೊತ್ತಿಲ್ಲ” ಎಂದರು. ನನಗೆ ಗೊತ್ತಿಲ್ಲ ಎಂಬುದು ನಿಜ. ಅಂದಿನಿಂದ ಸಲಾಮ್‌ಗೆ ಉತ್ತರ ಬರುತ್ತದೆ, ಮಾತಿಲ್ಲ.

ತೋಟದವರು ಎಲ್ಲರ ಪರವಾಗಿ ದಾವೆ ಹೂಡಿದ್ದಾರೆ. ಅಂಥ ದಾವೆ ಎಲ್ಲ ಸಾಲ ಕೊಟ್ಟವರ ಪರವಾಗಿಯೇ ನಡೆಯಬೇಕು, ಹಾಗಾಗಿ ನೂರಕ್ಕೆ ಮೂರರವನಿಗೂ ಅದರ ಲಾಭವಿದೆ. ಆಗಲಿ. ಸಾಕ್ಷಿಗಳ ಪಟ್ಟಿಯಲ್ಲಿ ನನ್ನ ಹೆಸರಿದೆ. ನುಅಮಾನ್ ಬಿನ್ ಬಶೀರ್(ರ) ಅವರ ತಂದೆ ಒಬ್ಬ ಮಗನಿಗೆ ಮಾತ್ರ ಕೊಡುಗೆ ಕೊಟ್ಟು ಪ್ರವಾದಿವರ್ಯರನ್ನು(ಸ) ಸಾಕ್ಷಿಯಾಗಲು ಕೇಳಿಕೊಂಡದ್ದು, ಉಳಿದ ಮಕ್ಕಳಿಗೂ ಹೀಗೇ ಕೊಟ್ಟಿದ್ದೀಯಾ ಎಂದು ವಿಚಾರಿಸಿ, ಇಲ್ಲವೆಂದಾಗ ಅನ್ಯಾಯಕ್ಕೆ ತಾವು ಸಾಕ್ಷಿಯಾಗುವುದಿಲ್ಲವೆಂದು ಅವರು ಹಿಂದೆ ಸರಿದದ್ದು, ಇದನ್ನು ಮದರಸಾದಲ್ಲಿ ಓದಿದಾಗ ನನಗೆ ಹತ್ತು ವರ್ಷ. ಅಲ್ಲಿ ಕೊಟ್ಟವನ ಆಸ್ತಿ ಅವನದ್ದೇ, ಸಾಲದ ಮಾತೂ ಇರಲಿಲ್ಲ.

ಹೋದ ತಿಂಗಳು ಒಬ್ಬ ಅಜ್ಜಿ ಮನೆ ಹುಡುಕಿಕೊಂಡು ಬಂದರು. ಮೂವತ್ತು ಮರದ ತೋಟ, ಗಂಡ ಇಲ್ಲ. ಸೆರಗಿನ ಗಂಟು ಬಿಚ್ಚಿ ಚೀಟಿ ತೋರಿಸಿದರು. ತೂಕ ಬರೆದ ಶಾಯಿ ಬೆವರಿಗೆ ಮಸುಕಾಗಿತ್ತು. ಒಳಗೆ ಬನ್ನಿ ಅಂದರೂ ಬರಲಿಲ್ಲ, ಬಾಗಿಲ ಮೆಟ್ಟಿಲ ಮೇಲೇ ಕೂತರು.

“ಸಾಬ್ರೆ, ವಕೀಲ್ರು ಅಂದ್ರು, ನೀವು ಸಾಕ್ಷಿ ಹಾಕಿದೀರಂತೆ. ಅವ್ರು ಮನೆ ಕೊಟ್ಟ ದಿನ ನೀವು ಅಲ್ಲಿದ್ರಾ?”

“ಇರಲಿಲ್ಲ ಅಜ್ಜಿ.”

“ಹಂಗಂತ ಅಲ್ಲೂ ಹೇಳ್ತೀರಾ?”

ಹೇಳುತ್ತೇನೆ ಎಂದೆ. ಅಜ್ಜಿ ಚೀಟಿಯನ್ನು ಮತ್ತೆ ಗಂಟು ಹಾಕಿಕೊಂಡು, ಮುಂದಿನ ವಾಯಿದೆ ಯಾವ ದಿನ ಎಂದು ಕೇಳಿ, ಬಸ್ಸಿನ ಹೊತ್ತಾಯಿತೆಂದು ಎದ್ದರು.